ಶಿವಪುತ್ರಪ್ಪ ಗಾಡಿ ನೋಡಿದ್ದು

“ಹೊಟ್ಟಿ ಭಾಳ ಮ್ಯಾಲ ಐತಿ,” ಎಂದರು ಶಿವಪುತ್ರಪ್ಪ, ಮೋಟರ್‌ಸೈಕಲ್ಲಿನ ಸುತ್ತ ಇನ್ನೊಮ್ಮೆ ಬಂದು. “ಮಾರಿ ನೋಡಿದ್ರ ಬಾತುಕೋಳಿ ಇದ್ದಂಗ. ಇದನ್ನ ಹತ್ತೋರ್ಯಾರು, ಇಳಿಯೋರ್ಯಾರು?”

ಮೊಮ್ಮಗಳು ಅಮೂಲ್ಯಾ ಅದನ್ನು ಹಾಗೆಯೇ ಇಂಗ್ಲಿಷಿನಲ್ಲಿ ಕಾಲಿನ್‌ಗೆ ಹೇಳಿದಳು. ದೂರದ ರಿಚರ್ಡ್‌ಸನ್ ಊರಿನಲ್ಲಿ ಓದುವ ಹುಡುಗಿ ವಾರಾಂತ್ಯಕ್ಕೆಂದು ಮನೆಗೆ ಬಂದಿದ್ದಳು. ಅಜ್ಜ ಅವಳನ್ನು ಹ್ಯೂಸ್ಟನ್ನಿನ ಈ ಅಂಗಡಿಗೆ ದುಭಾಷಿಯಾಗಿ ಎಬ್ಬಿಸಿಕೊಂಡು ಬಂದಿದ್ದರು. ಕಾಲಿನ್ ಹ್ಯೂಸ್ಟನ್ ಹತ್ತಿರದ ಫುಲ್‌ಶೀರ್‌ನಲ್ಲಿ ಅವರ ಪಕ್ಕದ ಮನೆಯ ಇಂಗ್ಲೆಂಡಿನವನು. ಅವನ ಊರಿನ ಗೆಳೆಯರೆಲ್ಲ ಈಗ ಇಂಡಿಯಾದಲ್ಲಿ ತಯಾರಾದ, ಕಲ್ಲುಮಣ್ಣಿನ ದಾರಿಗೂ ಜಗ್ಗದ, ಕೈಗೆಟಕುವ ಬೆಲೆಯ ಈ ಗಾಡಿಯನ್ನೇ ಕೊಳ್ಳುತ್ತಿದ್ದರು. ಕೊಳ್ಳಲೋ ಬೇಡವೋ ಎಂದು ತೂಗಿ ತೂಗಿ ಸಾಕಾದ ಕಾಲಿನ್, ಆ ದೇಶದವರೇ ನೋಡಿ ಹೇಳಲಿ ಎಂದು ಅಜ್ಜನನ್ನು ಕರೆತಂದಿದ್ದ. ಕೊಂಡರೆ ಬರುವ ಶನಿವಾರ ನಿಮ್ಮನ್ನು ಹಿಂದೆ ಕೂರಿಸಿಕೊಂಡು ಆಸ್ಟಿನ್ನಿನ ಆಚೆಯ ಗುಡ್ಡಗಳಿಗೆ ಹೋಗುತ್ತೇನೆ ಎಂದೂ ಹೇಳಿದ್ದ. ಅದರ ಮರುದಿನ, ಭಾನುವಾರ, ಅಜ್ಜ ವಿಜಯಪುರಕ್ಕೆ ಹೊರಡುವವರು. ಬಂದಾಗಿನಿಂದ ಟೆಕ್ಸಸ್ಸನ್ನು ಅಳಿಯನ ಕಾರಿನ ಗಾಜಿನೊಳಗಿಂದಲೇ ಕಂಡಿದ್ದ ಅವರಿಗೆ, ಒಮ್ಮೆಯಾದರೂ ಇಲ್ಲಿಯ ಗಾಳಿಯನ್ನು ಮುಖಕ್ಕೆ ಬಡಿಸಿಕೊಳ್ಳುವ ಆಸೆ.

ಸೇಲ್ಸ್‌ಮನ್ ಎಂಜಿನ್ ಚಾಲೂ ಮಾಡಿದ. ಮಠದಲ್ಲಿ ಪುರಾಣ ಕೇಳುವವರಂತೆ ಶಿವಪುತ್ರಪ್ಪ ಕಣ್ಣು ಮುಚ್ಚಿ ತಲೆದೂಗಿದರು. ಕಣ್ಣು ತೆರೆದವರೇ, “ಕಬ್ಬಿನ ಗಾಣ ಇದ್ದಂಗ ಐತಿ ಸಪ್ಪಳ,” ಎಂದರು.

ಅದೂ ಇಂಗ್ಲಿಷಿಗೆ ಹೋಯಿತು. ಕಾಲಿನ್‌ನ ಮುಖ ಇಳಿಯಿತು. ಅಜ್ಜನಿಗೆ ನಮಸ್ಕಾರದಂತೆ ತಲೆಬಾಗಿ, ಸೇಲ್ಸ್‌ಮನ್ನನಿಗೆ ಥ್ಯಾಂಕ್ಸ್ ಹೇಳಿ, ಇನ್ನೊಂದು ಸಾಲಿನಲ್ಲಿದ್ದ ದುಬಾರಿ ಜರ್ಮನ್ ಗಾಡಿಯ ಕಡೆ ನಡೆದ.

“ಯಾಕವ್ವ, ಅತ್ತಾಗ ಯಾಕ ಹೊಂಟಾನ ಅವ?”

“ಅಜ್ಜಾ, ನೀವೇ ಇದು ಛಲೋ ಇಲ್ಲ ಅಂದ್ರಲ್ಲ?”

“ನಾ ಎಲ್ಲಿ ಅಂದ್ನಿ? ಇಷ್ಟೊತ್ತು ಛಲೋ ಐತಿ ಅಂತನ ಹೇಳಾಕತ್ತೀನಿ.”

“ಬಾತುಕೋಳಿ ಅಂದ್ರಿ. ಗಾಣ ಅಂದ್ರಿ.”

“ಮತ್ತ? ಮಾರೋವನ ಮುಂದ ಹಾಡಿ ಹೊಗಳ್ತಾರೇನು? ನಮ್ಮ ಮನ್ಯಾಗ ಎತ್ತು ತಂದದ್ದೆಲ್ಲಾ ಹಿಂಗ ತಂದದ್ದು. ಬ್ಯಾಡಾದ ಎತ್ತಿಗೆ ಯಾರರ ನಿಂತು ಕೊಂಕು ತೆಗೀತಾರೇನವ್ವ? ಸುಮ್ನ ದಾಟಿ ಹೋಗ್ತಾರ.”

ಅಮೂಲ್ಯಾ ಹಣೆ ಹಿಡಿದುಕೊಂಡಳು. ಆಮೇಲೆ ಓಡಿ ಹೋಗಿ ಕಾಲಿನ್‌ಗೆ ಎತ್ತಿನ ವ್ಯಾಪಾರವನ್ನೆಲ್ಲ ವಿವರಿಸಿದಳು. ಅವನು ಪೂರ್ತಿ ನಂಬಿದಂತೆ ಕಾಣಲಿಲ್ಲ. ಅಜ್ಜ ಹತ್ತಿರ ಬಂದಾಗ ಜರ್ಮನ್ ಗಾಡಿ ತೋರಿಸಿ, “ಹಾಗಾದರೆ ಇದು ಹೇಗಿದೆ, ಕೇಳು,” ಎಂದ.

ಶಿವಪುತ್ರಪ್ಪ ಅದರ ಸುತ್ತ ಬರಲೂ ಇಲ್ಲ. ನಿಂತಲ್ಲಿಂದಲೇ ಕೈ ಮುಗಿದು, “ಭಾಳ ಚಂದ ಐತ್ರಿ. ದೇವರು ಛಲೋ ಇಡ್ಲಿ,” ಎಂದರು.

ಇದನ್ನು ಇಂಗ್ಲಿಷ್ ಮಾಡುವ ಕೆಲಸ ಅಮೂಲ್ಯಾಳಿಗೆ ಬೀಳಲಿಲ್ಲ. ಕಾಲಿನ್ ನಗುತ್ತ ಮೊದಲಿನ ಗಾಡಿಯತ್ತಲೇ ತಿರುಗಿದ್ದ. ಅದನ್ನೇ ಕೊಂಡ. ಬೆಲೆ ಒಂದು ಡಾಲರೂ ಇಳಿಯಲಿಲ್ಲ. ಆದರೆ ಬಾತುಕೋಳಿಯ ಮಾತಿಗೆ ಇನ್ನೂ ಮುಖ ಗಂಟಿಕ್ಕಿಕೊಂಡಿದ್ದ ಸೇಲ್ಸ್‌ಮನ್ ಒಂದು ಹೆಲ್ಮೆಟ್ ಪುಕ್ಕಟೆ ಕೊಟ್ಟ. ಎತ್ತಿಗೆ ತೆಗೆದಂತೆ ಕೊಂಕು ತೆಗೆದದ್ದು ವ್ಯರ್ಥವಾಗಲಿಲ್ಲ ಎಂದು ಶಿವಪುತ್ರಪ್ಪ ಅದನ್ನು ಮನೆಯವರೆಗೂ ತೊಡೆಯ ಮೇಲಿಟ್ಟುಕೊಂಡೇ ಬಂದರು.

ಶನಿವಾರ ಬೆಳಿಗ್ಗೆ ಕಾಲಿನ್ ಗಾಡಿ ತಂದು ಮನೆಯ ಮುಂದೆ ನಿಲ್ಲಿಸಿದಾಗ ಅಜ್ಜ ಅಳಿಯನ ಜೀನ್ಸ್ ಪ್ಯಾಂಟು ತೊಟ್ಟು, ಹಣೆಗೆ ವಿಭೂತಿ ಹಚ್ಚಿಕೊಂಡು ಜಗಲಿಯ ಮೇಲೆ ಸಿದ್ಧರಾಗಿದ್ದರು. ಮಗಳು ಮಲ್ಲವ್ವ ಮೆಟ್ಟಿಲಿಗೆ ಅಡ್ಡ ನಿಂತಿದ್ದಳು. ಅಜ್ಜನನ್ನು ಕಳಿಸಿಕೊಡಲು ಮತ್ತೆ ಮನೆಗೆ ಬಂದಿದ್ದ ಅಮೂಲ್ಯಾ ಪಕ್ಕದಲ್ಲಿದ್ದಳು.

“ಅಪ್ಪಾ, ನಾಳೆ ವಿಮಾನ ಹತ್ತೋರು ನೀವು. ಈ ವಯಸ್ಸಿನ್ಯಾಗ ಬ್ಯಾಡ್ರಿ.” ಕಾಲಿನ್‌ಗೂ ಅದನ್ನೇ ಇಂಗ್ಲಿಷಿನಲ್ಲಿ ಹೇಳಿದಳು: ಅವರಿಗೆ ಮೊಣಕಾಲು ನೋವು, ಬಿಟ್ಟುಬಿಡು, ನಾವ್ಯಾರೂ ತಪ್ಪು ತಿಳಿಯುವುದಿಲ್ಲ.

ಶಿವಪುತ್ರಪ್ಪ ಯಾರ ಮುಖವನ್ನೂ ನೋಡದೆ ಹೆಲ್ಮೆಟ್ಟಿನ ಪಟ್ಟಿ ಸವರುತ್ತ ನಿಂತರು. ಇನ್ನು ಹೋಗುವುದು ಬಿಡುವುದು ಕಾಲಿನ್‌ನ ಮಾತಿನ ಮೇಲಿತ್ತು.

ಕಾಲಿನ್ ಗಾಡಿಯಿಂದ ಇಳಿದು ಜಗಲಿ ಹತ್ತಿ ಬಂದ. ಅಜ್ಜನ ಸುತ್ತ ನಿಧಾನವಾಗಿ ಒಂದು ಸುತ್ತು ಬಂದ. ಬಗ್ಗಿ ಮೊಣಕಾಲು ನೋಡಿದ. ಎದ್ದು ಬಾಯಿಯೊಳಗೆ ಇಣುಕಿದ. ಆಮೇಲೆ ಬಲು ಗಂಭೀರವಾಗಿ ಅಮೂಲ್ಯಾಳ ಕಡೆ ತಿರುಗಿದ.

“ಬಹಳ ಹಳೆಯದು. ಕಾಲು ಕಿರುಗುಟ್ಟುತ್ತವೆ. ಮುಂದಿನ ಎರಡು ಹಲ್ಲೂ ಇಲ್ಲ.”

ಅಮೂಲ್ಯಾ ನಗು ತಡೆದುಕೊಂಡು ಕನ್ನಡದಲ್ಲಿ ಹೇಳಿದಳು. ಅಜ್ಜನ ಮುಖ ಅರಳಿತು. ಮಗಳನ್ನು ಮೆಲ್ಲಗೆ ಬದಿಗೆ ಸರಿಸಿ ಮೆಟ್ಟಿಲಿಳಿದು ಬಂದರು.

“ಎಡಗಿವಿ ನೋಡಲಿಲ್ಲ ಅವ. ಅದೂ ಕೇಳೂದಿಲ್ಲ ಅಂತ ಹೇಳವ್ವ,” ಎನ್ನುತ್ತ ಹಿಂದಿನ ಸೀಟಿನ ಮೇಲೆ ಕಾಲು ಎತ್ತಿ ಹಾಕಿದರು.