ಮುಂದಿನ ಸೀಟಿನಲ್ಲಿ ಮೇಷ್ಟ್ರು

"ನಾಳೆ ಇದನ್ನ ಮ್ಯೂಸಿಯಂಗೆ ಸಾಗಿಸ್ತಾರೆ ಸಾರ್. ಒಂದ್ಸಲ ಮುಂದಿನ ಸೀಟಲ್ಲಿ ಕೂತು, ಮಾತಿನ ಕೊಳವೆ ಸರಿಯಿದ್ಯಾ ನೋಡಿ," ಎಂದ ಮೆಕ್ಯಾನಿಕ್.

ಎರಡಂತಸ್ತಿನ ಬಟ್ಟೆ ರೆಕ್ಕೆಯ ಆ ವಿಮಾನದ ಹಿಂದಿನ ಸೀಟಿನಲ್ಲೇ ಕೂತು ಮೂವತ್ತು ವರ್ಷ ಸೇನೆಯ ಹುಡುಗರಿಗೆ ಹಾರುವುದನ್ನು ಕಲಿಸಿದ್ದ ಮೇಷ್ಟ್ರು ಗೊಣಗುತ್ತಲೇ ಮುಂದೆ ಹತ್ತಿದರು. ಕಿವಿಗೆ ಕೊಳವೆ ಸೇರುವ ಚರ್ಮದ ಟೋಪಿ ಹಾಕಿಕೊಂಡರು. ಹಿಂದಿನವರು ಹೇಳಬೇಕು, ಮುಂದಿನವರು ಕೇಳಬೇಕು. ತಿರುಗುವಂತಿಲ್ಲ, ಎದುರು ಮಾತಾಡುವಂತಿಲ್ಲ. ಅದು ಅವರೇ ಮಾಡಿದ ನಿಯಮ.

ಮೆಕ್ಯಾನಿಕ್ ಪಕ್ಕದಲ್ಲಿ ನಿಂತಿದ್ದ ಮೇಷ್ಟ್ರ ಹೆಂಡತಿಯತ್ತ ತಿರುಗಿ ಪಿಸುಗುಟ್ಟಿದ: "ಹಿಂದೆ ಹತ್ತಿ ಅಕ್ಕ. ವಾರದಿಂದ ಮೇಷ್ಟ್ರು ನಿಮಗೆ ಬಾಯಿ ತೆರೆಯೋಕೇ ಬಿಟ್ಟಿಲ್ಲ ಅಂತಿದ್ರಲ್ಲ."

"ವಾರ ಏನು ಬಂತು, ಮದುವೆ ಆದಾಗಿಂದ," ಎನ್ನುತ್ತ ಆಕೆ ಹತ್ತಿ ಕೂತಳು.

ಇಳಿಬಿಸಿಲು ರೆಕ್ಕೆಯ ಬಟ್ಟೆಯೊಳಗಿಂದ ಜೇನಿನ ಬಣ್ಣದಲ್ಲಿ ಸೋರುತ್ತಿತ್ತು. ಶೆಡ್ಡಿನ ಬಾಗಿಲಿನಿಂದ ಗಾಳಿ ನುಗ್ಗಿ ರೆಕ್ಕೆಗಳ ನಡುವಿನ ತಂತಿಗಳು ಗುಂಯ್‌ಗುಟ್ಟಿದವು. ಚಕ್ರಗಳು ನೆಲ ಬಿಟ್ಟವೇನೋ ಅನ್ನಿಸಿತು. ಆಕೆ ಕೊಳವೆಗೆ ಬಾಯಿಟ್ಟಳು.

"ನಾನೇ. ಮಗಳ ಅರ್ಜಿಗೆ ನಿಮ್ಮ ಸಹಿ ಬೇಕು. ಇವತ್ತೇ ಕೊನೇ ದಿನ. ಅವಳೂ ಹಾರೋದು ಕಲೀಬೇಕಂತೆ, ಸೇನೆಗೆ ಸೇರ್ಬೇಕಂತೆ. ನಿಮ್ಮ ಭಯ ನಂಗೊತ್ತು. ಹಾರಿ ವಾಪಸ್ ಬರದೇ ಇದ್ದ ಹುಡುಗರ ಹೆಸರು ನಿದ್ದೇಲಿ ಕರೀತೀರಿ. ಆದ್ರೆ ಅವ್ರೂ ಯಾರದೋ ಮನೆ ಮಕ್ಕಳೇ ಅಲ್ವಾ?"

ಟೋಪಿ ಅಲುಗಲಿಲ್ಲ. ಆ ಬೆಳಕಿನಲ್ಲಿ ಅದು ಒಮ್ಮೆ ಗಂಡನ ತಲೆಯಾಗಿ, ಒಮ್ಮೆ ಯಾವನೋ ಹತ್ತೊಂಬತ್ತರ ಹುಡುಗನದ್ದಾಗಿ, ಒಮ್ಮೆ ಮಗಳದ್ದಾಗಿ ಕಂಡಿತು.

"ಇವರಿಗೆ ಕೇಳಿಸ್ತೋ ಇಲ್ವೋ?" ಎಂದು ಕೆಳಗೆ ಬಗ್ಗಿ ಕೇಳಿದಳು.

"ಕೇಳಿಸಿದೆ. ಇಲ್ದಿದ್ರೆ ಇಷ್ಟೊತ್ತಿಗೆ ಕೊಳವೆ ಕೆಟ್ಟಿದೆ ಅಂತ ನನ್ನನ್ನ ಬೈತಿದ್ರು," ಎಂದ ಮೆಕ್ಯಾನಿಕ್.

ಆಗ ಮೇಷ್ಟ್ರ ಎರಡೂ ಕೈಗಳು ನಿಧಾನವಾಗಿ ತಲೆಯ ಮೇಲಕ್ಕೆ ಎದ್ದು, ಬರಿದಾಗಿ ಹಾಗೇ ನಿಂತವು.

"ಏನದು? ಬೇಡ ಅಂತ್ಲಾ?"

ಮೆಕ್ಯಾನಿಕ್ ಚಿಂದಿ ಬಟ್ಟೆಯಲ್ಲಿ ಕೈ ಒರೆಸಿಕೊಂಡ.

"ಅಲ್ಲ ಅಕ್ಕ. ಹುಡುಗರ ಕೈಗೆ ಮೊದಲ ಸಲ ವಿಮಾನ ಬಿಟ್ಟುಕೊಡುವಾಗ ಮುಂದಿನ ಕನ್ನಡೀಲಿ ಅವರಿಗೆ ಕಾಣೋ ಹಾಗೆ ಹೀಗೇ ಎರಡೂ ಕೈ ಎತ್ತಿ ತೋರಿಸೋರು. ನಾನು ಹಿಡಿದಿಲ್ಲ, ಇನ್ನು ನೀನೇ ಹಾರಿಸು ಅಂತ. ಅರ್ಜಿ ಕೊಡಿ, ಪೆನ್ನು ನನ್ ಹತ್ರ ಇದೆ."