ತುಟಿ ಅಲ್ಲಾಡಿಸದ ಪ್ರಾರ್ಥನೆ

“ಮೊದಲ ಬಹುಮಾನ ‘ವಿಶ್ವಾಸ’ ಎಂಬ ಚಿತ್ರಕ್ಕೆ. ತೆಗೆದವರು ನಮ್ಮ ರೀಮ್ ಐಲ್ಯಾಂಡಿನ ಲಾಯ್ಡ್” ಎಂದು ನಿರೂಪಕಿ ಬಿಂದು ಮೈಕಿನಲ್ಲಿ ಹೇಳಿದ್ದೇ ತಡ, ಖಾಲಿದಿಯಾ ಬಡಾವಣೆಯ ಆ ಚಿಕ್ಕ ಸಭಾಂಗಣದಲ್ಲಿ ಚಪ್ಪಾಳೆ ಬಿತ್ತು. ಅಬುಧಾಬಿಯ ಕನ್ನಡಿಗರ ಫೋಟೊ ಸ್ಪರ್ಧೆಗೆ ಲಾಯ್ಡ್ ತನ್ನ ಇಟಲಿ ಪ್ರವಾಸವನ್ನೇ ತಂದು ಗೋಡೆಗೆ ನೇತುಹಾಕಿದ್ದ. ಮಿಲಾನಿನ ಇಗರ್ಜಿಯ ಚೂಪು ಶಿಖರಗಳು, ಫ್ಲಾರೆನ್ಸಿನ ಕೆಂಪು ಗುಮ್ಮಟ, ಯಾರೂ ಕೈಯಾನಿಸಿ ನಿಲ್ಲದ ಪೀಸಾ ಗೋಪುರ. ಕಟ್ಟಡದ ಮುಂದೆ ಮನುಷ್ಯರು ಬಂದರೆ ಅವನಿಗೆ ಮೈ ಉರಿ. ಆದರೆ ಬಹುಮಾನ ಬಂದದ್ದು ಅವನ ಕಲ್ಲುಗಳಿಗಲ್ಲ, ತಾಯಿಗೆ. ಪಾದುವಾ ಊರಿನ ಬಸಿಲಿಕಾ ಚರ್ಚಿನಲ್ಲಿ ಸಂತ ಅಂತೋನಿಯ ಸಮಾಧಿಗೆ ಅಂಗೈ ಒತ್ತಿ, ಕಣ್ಣು ಮುಚ್ಚಿ ನಿಂತ ಸೆವ್ರಿನ್ ಬಾಯಿ.

“ಈ ತುಟಿಗಳನ್ನು ನೋಡಿ” ಎಂದರು ತೀರ್ಪುಗಾರರು. “ಒಂದಿಷ್ಟೂ ಅಲುಗಿಲ್ಲ. ಮಾತೆಲ್ಲ ಮುಗಿದ ಮೇಲೆ ಬರುವ ಮೌನ ಇದು.” ಹೊಗಳಲು ನಿಂತ ತೀರ್ಪುಗಾರರನ್ನು ತಡೆಯುವವರು ಯಾರು. ಮುಂದಿನ ಸಾಲಿನಲ್ಲಿ ತಾಯಿಯ ಪಕ್ಕ ಕುಳಿತಿದ್ದ ಲಾಯ್ಡ್‌ನ ಕಿವಿ ಬಿಸಿಯಾಯಿತು. ಆ ಮೌನ ಮಾಡಿಸಿದವನು ಅವನೇ.

ಮೊದಲ ಸಲ ಸಮಾಧಿ ಮುಟ್ಟಿದಾಗ ತಾಯಿ ಪಿಸುಪಿಸು ಎಂದು ಹೇಳಿಕೊಳ್ಳುತ್ತಲೇ ಇದ್ದರು. ಕಾವಲಿನವನ ಕಣ್ಣು ತಪ್ಪಿಸಿ ತೆಗೆದ ಚಿತ್ರದಲ್ಲಿ ಬಾಯಿಯ ಜಾಗ ಕಲಸಿಹೋಗಿತ್ತು. ಒಳಗೆ ಬೆಳಕು ಕಡಿಮೆ, ಅಲ್ಲಾಡಿದ್ದೆಲ್ಲ ಮಸುಕು. ಅವನು ಅವರ ತೋಳು ಹಿಡಿದು ಎಳೆದು, “ಇನ್ನೊಮ್ಮೆ ಕೈ ಇಡು ಮಮ್ಮಿ. ತುಟಿ ಅಲ್ಲಾಡಿಸ್ಬೇಡ, ಬ್ಲರ್ ಆಗ್ತದೆ” ಎಂದಿದ್ದ. ಅವರು ಹೇಳಿದಂತೆ ನಿಂತರು. ಚಿತ್ರ ಸಿಕ್ಕಿತು. ಅಷ್ಟರಲ್ಲಿ ಹಿಂದಿನವರು ಒತ್ತಿದರು, ಮುಂದೆ ನಡೆಯಿರಿ ಎಂದು ಕಾವಲಿನವನು ಕೈ ಬೀಸಿದ. ಹೊರಗೆ ಬಂದ ಮೇಲೆ “ಮತ್ತೊಂದು ಸಲ ಲೈನಿಗೆ ನಿಲ್ಲಲಾ ಪುತಾ?” ಎಂದು ತಾಯಿ ಕೇಳಿದ್ದುಂಟು. ವೆನಿಸ್‌ನ ಕಾಲುವೆಯ ಮೇಲಿನ ಸಂಜೆ ಬೆಳಕು ತಪ್ಪಿಹೋಗುತ್ತದೆ ಎಂದು ಅವನು ಅವರನ್ನು ರೈಲಿಗೆ ಓಡಿಸಿದ್ದ. ತಂಗಿ ಜೋಯ್ಲಿನ್‌ಗೆ ಮದುವೆಯಾಗಿ ಎಷ್ಟು ವರ್ಷವಾದರೂ ಮಗುವಾಗಿಲ್ಲ. ಸಂತ ಅಂತೋನಿಯ ಸಮಾಧಿ ಮುಟ್ಟಿ ಅದನ್ನು ಕೇಳಬೇಕೆಂಬ ಒಂದೇ ಆಸೆಗೆ ತಾಯಿ ಮಂಡಿನೋವನ್ನೂ ಕಟ್ಟಿಕೊಂಡು ಇಟಲಿಗೆ ಬಂದದ್ದು ಅವನಿಗೆ ಗೊತ್ತಿಲ್ಲದ್ದೇನಲ್ಲ.

“ಆಂಟಿ, ನೀವು ಸ್ಟೇಜಿಗೆ ಬರ್ಲೇಬೇಕು. ಇವತ್ತಿನ ಸ್ಟಾರ್ ನೀವೇ” ಎಂದು ಬಿಂದು ಕೆಳಗಿಳಿದು ಬಂದು ಸೆವ್ರಿನ್ ಬಾಯಿಯನ್ನು ಕೈಹಿಡಿದು ಕರೆದೊಯ್ದಳು. ಮೈಕನ್ನು ಅವರ ಬಾಯಿಯ ಹತ್ತಿರ ಹಿಡಿದಳು. “ಹೇಳಿ ಆಂಟಿ, ಕಣ್ಣು ಮುಚ್ಚಿ ಸಂತರ ಹತ್ರ ಏನು ಕೇಳ್ತಾ ಇದ್ರಿ? ಸೀಕ್ರೆಟ್ ಆದ್ರೆ ಬೇಡ.”

ಸುಳ್ಳು ಹೇಳಿ ಅಭ್ಯಾಸವಿಲ್ಲದ ಹೆಂಗಸು. ಗೋಡೆಯ ಚಿತ್ರದಲ್ಲಿದ್ದ ತನ್ನದೇ ದೊಡ್ಡ ಮುಖವನ್ನು ಒಮ್ಮೆ ತಿರುಗಿ ನೋಡಿ, “ನನ್ನ ಮಗನ ಫೋಟೊ ಸರಿ ಬರ್ಲಿ ಅಂತ” ಎಂದರು.

ಸಭೆ ಗೊಳ್ಳೆಂದು ನಕ್ಕಿತು, ಮತ್ತೆ ಚಪ್ಪಾಳೆ ತಟ್ಟಿತು. ಅಮ್ಮ ಅಂದ್ರೆ ಹೀಗಿರ್ಬೇಕು ನೋಡಿ ಎಂದು ಹಿಂದೆ ಯಾರೋ ಅಂದರು. ತಾಯಿ ಹೇಳಿದ್ದು ತಮಾಷೆಯಲ್ಲ, ಅಕ್ಷರಶಃ ನಿಜ ಎಂದು ಗೊತ್ತಿದ್ದವನು ಅಲ್ಲಿ ಲಾಯ್ಡ್ ಒಬ್ಬನೇ. ವೇದಿಕೆ ಹತ್ತಿ ತಾಯಿಯ ಹೆಗಲ ಮೇಲೆ ಕೈಯಿಟ್ಟು ಬಹುಮಾನದ ಫಲಕ ಹಿಡಿದು ನಿಂತಾಗ ನಾಚಿಕೆಯಿಂದ ಅವನ ತಲೆ ತಾನಾಗಿ ತಗ್ಗಿತು. ಸ್ವಲ್ಪ ಮೇಲೆ ನೋಡಿ ಸರ್ ಎಂದು ಮೊಬೈಲ್ ಹಿಡಿದವರೆಲ್ಲ ಕೂಗಿದರು. ನೋಡಿದ, ನಕ್ಕ.

ಕಾರಿನಲ್ಲಿ ಕೊನೆಗೂ ಬಾಯಿಬಿಟ್ಟ. “ಜೋಯ್ಲಿನ್ ವಿಷಯ ಕೇಳ್ಲೇ ಇಲ್ವಾ ನೀನು?”

“ಶುರು ಮಾಡಿದ್ದೆ. ಅಷ್ಟರಲ್ಲಿ ನೀನು ಎಳೆದಿ.” ತಾಯಿಯ ದನಿಯಲ್ಲಿ ದೂರು ಇರಲಿಲ್ಲ. ಇದ್ದಿದ್ದರೆ ಅವನಿಗೆ ಒಂದಿಷ್ಟು ಹಗುರವಾಗುತ್ತಿತ್ತು.

“ಎರಡನೇ ಸಲ ಮನಸ್ಸಲ್ಲೇ ಕೇಳ್ಬಹುದಿತ್ತಲ್ಲ ಮಮ್ಮಿ” ಎಂದ. ಅಂದ ಮೇಲೆ ಇನ್ನಷ್ಟು ಕುಗ್ಗಿದ.

“ಬಾಯಲ್ಲಿ ಹೇಳದೆ ನನಗೆ ಪ್ರಾರ್ಥನೆ ಬರೂದಿಲ್ಲ ಪುತಾ. ಮತ್ತೆ ಅಲ್ಲಾಡಿದ್ರೆ ನಿನ್ನ ಫೋಟೊ ಹಾಳಾಗ್ತದಲ್ಲ, ಅದೇ ಒಂದು ತಲೆಬಿಸಿ.”

ಸಿಗ್ನಲ್ಲಿನಲ್ಲಿ ನಿಂತಿದ್ದಾಗ ಫೋನ್ ಬಂತು. ದುಬೈಯ ಮುರಕ್ಕಬಾತ್‌ನಿಂದ ಜೋಯ್ಲಿನ್. ಬಹುಮಾನದ ಚಿತ್ರ ಆಗಲೇ ಅವಳ ಮೊಬೈಲಿಗೆ ಮುಟ್ಟಿತ್ತು. ಕಾರಿನ ಸ್ಪೀಕರಿನ ತುಂಬ ಅವಳ ಮೂಗು ಕಟ್ಟಿದ ದನಿ. “ಫೋಟೊ ನೋಡಿ ಅತ್ತುಬಿಟ್ಟೆ ಮಾರಾಯ. ಮಮ್ಮಿ ಇದ್ದಾಳಾ? ಮಮ್ಮಿ, ಅದು ನನಗಾಗಿ ಬೇಡಿದ್ದಲ್ವಾ?”

ಸೆವ್ರಿನ್ ಬಾಯಿ ಮಗನ ಮುಖ ನೋಡಿದರು. ವೇದಿಕೆಯ ಮೇಲೆ ಬಾರದ ಸುಳ್ಳು ಈಗ ಸಲೀಸಾಗಿ ಬಂತು. “ಮತ್ತೆ ಯಾರಿಗೆ ಮಗಾ, ನಿನಗೇ.”

“ಈ ಸಲ ಡಾಕ್ಟರ್ ಎಂತ ಹೇಳಿದ್ರೂ ನನಗೆ ಹೆದರಿಕೆ ಇಲ್ಲ. ಲಾಯ್ಡ್, ನನಗೊಂದು ದೊಡ್ಡ ಪ್ರಿಂಟ್ ಮಾಡಿ ಕೊಡು ಆಯ್ತಾ? ಮನೆಯ ಅಲ್ತಾರಿನ ಹತ್ರ, ದೇವರ ಮುಂದೆ ಇಡ್ತೇನೆ.”

ಕೊಡ್ತಾನೆ ಎಂದು ತಾಯಿಯೇ ಹೇಳಿ ಫೋನ್ ಇಡಿಸಿದರು. ಸಿಗ್ನಲ್ ಹಸಿರಾಗಿತ್ತು, ಹಿಂದಿನವನು ಹಾರ್ನ್ ಹೊಡೆಯುತ್ತಿದ್ದ.

“ಅದನ್ನು ಯಾವ ಮುಖ ಇಟ್ಕೊಂಡು ಅವಳಿಗೆ ಕೊಡ್ಲಿ ಮಮ್ಮಿ?”

“ಕೊಡು ಪುತಾ” ಎಂದರು ಸೆವ್ರಿನ್ ಬಾಯಿ. “ಫೋಟೊ ಆದ್ರೂ ಇರ್ಲಿ ಅವಳಿಗೆ.”