ಹಿಂದಕ್ಕೆ ಸುತ್ತಿದ ಸುರುಳಿ

ಹರಳೆಣ್ಣೆ ಹಚ್ಚಿದ ಮರದ ವಾಸನೆ ಬಂದರೆ ಈಗಲೂ ನನಗೆ ಸೋದರತ್ತೆಯ ಬಾಗಿದ ಬೆನ್ನು ಕಾಣುತ್ತದೆ.

ನನ್ನ ಬಾಲ್ಯದಲ್ಲಿ ಒಮ್ಮೆ ಕೌಲ್ ಬಜಾರಿನ ಸಾಬರೊಬ್ಬರು ಹರಳೆಣ್ಣೆಯಿಂದ ಮಿರುಗುವ ಮರದ ಚಿತ್ರದ ಪೆಟ್ಟಿಗೆ ಹೊತ್ತು ಸಿರಿಗೇರಿಯ ನಮ್ಮ ಮನೆಯ ಕಟ್ಟೆಗೆ ಬಂದಿದ್ದರು. ಕಿಂಡಿಗೆ ಕಣ್ಣಿಟ್ಟರೆ ಒಳಗೆ ಬಟ್ಟೆಯ ಸುರುಳಿ ಸರಿಯುತ್ತಿತ್ತು: ಒಬ್ಬ ರಾಜನ ತೊಟ್ಟಿಲು, ಮದುವೆ, ಯುದ್ಧ, ಕೊನೆಗೆ ಚಿತೆ. ಆಮೇಲೆ ಅವರು ಕಿಂಡಿಗಳನ್ನು ಮುಚ್ಚಿಯೇ ಸುರುಳಿಯನ್ನು ಹಿಂದಕ್ಕೆ ಸುತ್ತುತ್ತಿದ್ದರು. ಅದನ್ನು ಯಾರೂ ನೋಡಬಾರದೆಂಬುದು ಅವರ ಕಟ್ಟಳೆ.

ಚಿತೆಯವರೆಗಿನ ಆಟ ಮುಗಿದಾಗ, ಅಜ್ಜಿ ಮಲಗಿದ್ದನ್ನು ನೋಡಿಕೊಂಡು ಅತ್ತೆ ಹೊರಗೆ ಬಂದಳು. ಹನ್ನೆರಡನೇ ವಯಸ್ಸಿಗೇ ಗಂಡನನ್ನು ಕಳೆದುಕೊಂಡವಳು. ಬೋಳುತಲೆಯ ಮೇಲೆ ಕೆಂಪು ಸೆರಗೆಳೆದುಕೊಂಡು, ಬೆಳಗಿನಿಂದ ಬೀಸಿ ಸೋತ ಕೈಗಳನ್ನು ಪೆಟ್ಟಿಗೆಯ ಮೇಲೂರಿದಳು.

"ಹಿಂದಕ್ಕ ಸುತ್ತೋದು ತೋರಸ್ರಿ."

"ಅದು ನೋಡೋದಲ್ರೀ ಅಮ್ಮಾವ್ರೇ."

"ಮುಂದಿಂದು ನನಗ ಗೊತ್ತದ."

ಸಾಬರು ಕಿಂಡಿಗಳನ್ನು ತೆರೆದು ಹಿಡಿ ತಿರುಗಿಸತೊಡಗಿದರು. ಪಕ್ಕದ ಕಿಂಡಿಯಲ್ಲಿ ನಾನೂ ಇಣುಕಿದೆ. ಚಿತೆ ಹೋಯಿತು, ಯುದ್ಧ ಹೋಯಿತು. ಮದುವೆಯ ಹಂದರ ಬಂದಾಗ ಅವರ ಕೈ ನಿಂತಿತು.

"ಇನ್ನೂ ಹಿಂದಕ್ಕ," ಎಂದಳು ಅತ್ತೆ.

ತೊಟ್ಟಿಲೂ ಸರಿದುಹೋಯಿತು.

"ಮುಗೀತ್ರೀ. ಇನ್ನ ಬರೇ ಬಟ್ಟಿ ಐತಿ."

"ಇರಲಿ," ಎಂದಳು ಅತ್ತೆ, ಕಿಂಡಿಯಿಂದ ಕಣ್ಣು ತೆಗೆಯದೆ. "ಅದನ್ನ ಸ್ವಲ್ಪ ನೋಡ್ತೀನಿ."